ರೇಸ್ ಕಾರಿನ ಹಿಂದಿನ ಬ್ಲೇಡ್: ಎಡಕ್ಕೊಂದು ಥರ, ಬಲಕ್ಕೊಂದು ಥರ ಯಾಕೆ? ಇಲ್ಲಿದೆ ಮಾಹಿತಿ

ಲಾರಿಯ ಹಿಂದಿನ ಚಕ್ರದ ಹತ್ತಿರ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟನ್ನು ಎಲ್ಲರೂ ನೋಡಿರ್ತಾರೆ. ಗ್ಯಾರೇಜ್‌ನಲ್ಲಿ ಅದಕ್ಕೆ ಬ್ಲೇಡ್ ಸೆಟ್ ಅಂತಾರೆ. ಲೋಡ್ ಹೊರೋದಷ್ಟೇ ಅದರ ಕೆಲಸ ಅಲ್ಲ. ಅಮೆರಿಕದಲ್ಲಿ 1960ರ ದಶಕದ ಕಾರುಗಳಲ್ಲಿ ಡ್ರ್ಯಾಗ್ ರೇಸ್ ಓಡಿಸುವವರ ಸೋಲು-ಗೆಲುವು, ಕೆಲವೊಮ್ಮೆ ಜೀವವೂ ಇದೇ ಬ್ಲೇಡ್ ಮೇಲೆ ನಿಂತಿರುತ್ತೆ.

ಡ್ರ್ಯಾಗ್ ರೇಸ್ ಅಂದರೆ ನಿಂತ ಜಾಗದಿಂದ ನೇರ ಓಟ. ಹಳೆಯ ಲೆಕ್ಕದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಹಸಿರು ದೀಪ ಹತ್ತಿದ ಕೂಡಲೇ ಹಿಂದಿನ ಟೈರ್ ನೆಲ ಕಚ್ಚಬೇಕು.

ಸಮಸ್ಯೆ ಏನು?

ಚಕ್ರ ಮುಂದಕ್ಕೆ ತಿರುಗಿದಾಗ ಕ್ರೌನ್-ಪಿನಿಯನ್ ಇರುವ ಹೌಸಿಂಗ್ ಮೂತಿ ಮೇಲೆತ್ತಿ ಹಿಂದಕ್ಕೆ ತಿರುಗಲು ನೋಡುತ್ತೆ. ಬ್ಲೇಡ್ ಹಾವಿನಂತೆ ಸೊಟ್ಟಗಾಗಿ, ಮತ್ತೆ ಚಿಮ್ಮುತ್ತೆ. ಟೈರ್ ಕುಪ್ಪಳಿಸುತ್ತೆ. ಹೀಗೇ ಆದರೆ ಶಾಫ್ಟ್, ಆಕ್ಸಲ್ ಮುರಿಯಬಹುದು.

ಇನ್ನೊಂದು ಕಾಟವೂ ಇದೆ. ಎಂಜಿನ್‌ನ ತಿರುಚು ಬಲಕ್ಕೆ ಬಲಗಡೆಯ ಹಿಂದಿನ ಚಕ್ರ ಹಗುರಾಗುತ್ತೆ. ಎರಡೂ ಟೈರ್ ಸಮನಾಗಿ ಹಿಡಿಯದಿದ್ದರೆ ಕಾರು ಒಂದು ಕಡೆ ಎಳೆದು ಗೋಡೆಗೆ ಬಡಿಯೋ ಅಪಾಯ.

ಕ್ರೈಸ್ಲರ್ ಉಪಾಯ

1968ರಲ್ಲಿ ಡಾಡ್ಜ್ ಡಾರ್ಟ್, ಪ್ಲಿಮತ್ ಬರಾಕುಡಾ ಕಾರುಗಳಿಗೆ 7 ಲೀಟರ್‌ನ ಹೆಮಿ ಎಂಜಿನ್ ಕೂರಿಸಿ ರೇಸ್‌ಗೆ ಬಿಡಲಾಯಿತು. ಇಂಥ ಕಾರುಗಳಿಗೆ ಕ್ರೈಸ್ಲರ್ ಕೊಟ್ಟಿದ್ದು 'ಸೂಪರ್ ಸ್ಟಾಕ್' ಸ್ಪ್ರಿಂಗ್. ಇದರಲ್ಲಿ ಎಡ-ಬಲ ಒಂದೇ ಥರ ಇರಲ್ಲ. ಬಲಗಡೆಯದು ಹೆಚ್ಚು ಗಟ್ಟಿ. ನಿಂತಾಗಲೇ ಅದು ಬಲ ಚಕ್ರವನ್ನು ನೆಲಕ್ಕೆ ಒತ್ತಿ ಇಟ್ಟಿರುತ್ತೆ. ಆಕ್ಸಲ್‌ನಿಂದ ಮುಂದಿನ ಭಾಗ ಗಿಡ್ಡ ಮತ್ತು ಗಟ್ಟಿ, ಹಿಂದಿನ ಭಾಗ ಉದ್ದ ಮತ್ತು ಮೃದು. ಮುಂದಿನ ಗಿಡ್ಡ ಭಾಗವೇ ಹೌಸಿಂಗ್ ಮೂತಿ ಎತ್ತದಂತೆ ತಡೆಯೋದು.

ಆರಿಸುವಾಗ ನೋಡಬೇಕಾದ್ದು

* ಕಾರಿನ ತೂಕ. ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನೋದು ತಪ್ಪು. ಹಗುರ ಕಾರಿಗೆ ಭಾರದ ಬ್ಲೇಡ್ ಹಾಕಿದರೆ ಹಿಂಭಾಗ ಎತ್ತಿಕೊಂಡು ನಿಲ್ಲುತ್ತೆ, ಹಿಡಿತ ಸಿಗಲ್ಲ.
* ಮುಂದಿನ ಭಾಗದ ಅಳತೆ. ಇದು ತಪ್ಪಿದರೆ ಆಕ್ಸಲ್ ತನ್ನ ಜಾಗದಲ್ಲಿ ಕೂರಲ್ಲ.
* ಕ್ಲಾಂಪ್. ಮುಂದಿನ ಭಾಗದ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಬೇಕು, ಹಿಂದಿನವು ಬಿಡಿಯಾಗಿ ಆಡಬೇಕು.
* ಹಳೇ ಬ್ಲೇಡ್. ಕುಗ್ಗಿದ್ದನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಸಾಲದು. ಮತ್ತೆ ಸರಿಯಾಗಿ ಹದ ಕೊಡದಿದ್ದರೆ ಉಕ್ಕಿನ ಬಲ ಹೋಗುತ್ತೆ.

ಬಿಚ್ಚಿದಾಗ ಎಡ ಯಾವುದು, ಬಲ ಯಾವುದು ಅಂತ ಬಣ್ಣದಲ್ಲಿ ಗುರುತು ಹಾಕಿಡಬೇಕು. ಅದಲು ಬದಲಾದರೆ ಕಾರನ್ನು ನೇರ ಓಡಿಸಬೇಕಾದ ಬ್ಲೇಡೇ ಅದನ್ನು ಅಡ್ಡ ಎಳೆಯುತ್ತೆ.