ಅಂಕದ ತಕ್ಕಡಿ

ಹೊನ್ನಾಳಿ ಸೀಮೆಯ ರೈತಬಂಧುಗಳು ಮೆಕ್ಕೆಜೋಳ ಮಾರಲು ಒಯ್ದಾಗ ಮೊದಲು ತಕ್ಕಡಿಯತ್ತಲೇ ಕಣ್ಣು ಹಾಯಿಸುತ್ತಾರೆ. ಒಂದೇ ಚೀಲ ಎರಡು ಸಲಕ್ಕೆ ಎರಡು ತೂಕ ತೋರಿದರೆ ಸುಮ್ಮನಿರುವವರಾರು? ಮಕ್ಕಳ ಅಂಕಪಟ್ಟಿಯನ್ನು ಮಾತ್ರ ನಾವು ಹಾಗೆ ಪರೀಕ್ಷಿಸುವುದಿಲ್ಲ.

2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಮರುವರ್ಷ ಆ ಹೆಚ್ಚಳವನ್ನು ಕೈಬಿಡಲಾಯಿತು. ಒಂದೇ ಬಗೆಯ ಉತ್ತರ ಬರೆದ ಅಣ್ಣ ತೇರ್ಗಡೆ, ತಂಗಿ ಅನುತ್ತೀರ್ಣಳೆಂದಾದರೆ ಯಾವ ಅಂಕವನ್ನು ನಂಬುವುದು? ಕಣ್ಗಾವಲನ್ನು ನಾವು ಸ್ವಾಗತಿಸುತ್ತೇವೆ. ವರ್ಷಕ್ಕೊಮ್ಮೆ ಬದಲಾಗುವ ಅಳತೆಗೋಲನ್ನಲ್ಲ. ಕೃಪಾಂಕದಿಂದ ದಾಟಿದ ಮಗುವಿಗೆ ಗಣಿತ ನಿಜಕ್ಕೂ ಬಂದಿತೇ ಎಂಬುದನ್ನು ಕಾಲೇಜು ಆರಂಭವಾಗುವ ಮೊದಲೇ ತಂದೆತಾಯಂದಿರು ಮನೆಯಲ್ಲಿ ಕೂರಿಸಿಕೊಂಡು ನೋಡಬೇಕು.