ಓಟದ ಗಾಡಿಗೆ ಹೊಸ ಟೈರು: ಅಳತೆಯ ಮಾತು, ಆಯ್ಕೆಯ ಮಾತು

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಒಂದು ಕಾಲಕ್ಕೆ ಹೊಟೇಲಿನ ಧಣಿಗಳಿಗೆ ಮಾತ್ರ ಸಲ್ಲುತ್ತಿದ್ದ ಮೋಟಾರು ಗಾಡಿಯ ವೈಭವವು ಇಂದು ಗಲ್ಲೆಯಲ್ಲಿ ಕುಳಿತವರಿಗೂ, ಆಫೀಸಿನ ಗುಮಾಸ್ತರಿಗೂ ಸಾಲದ ಕಂತಿನ ಮೂಲಕ ಎಟಕುವಂತಾಗಿದೆ. ಅವರಲ್ಲಿ ತರುಣರಾದವರು ಹೊಸದಾದ ಚಿಕ್ಕ ಗಾಡಿಗಿಂತ, ಹಳೆಯದಾದರೂ ಓಟದ ಗತ್ತುಳ್ಳ ಸೆಡಾನನ್ನೇ ಮೆಚ್ಚುವುದುಂಟು. 2006ರಲ್ಲಿ ನಮ್ಮ ದೇಶಕ್ಕೆ ಬಂದ ಹೋಂಡಾ ಸಿವಿಕ್ ಅಂತಹದೊಂದು ಗಾಡಿ. ನೆಲಕ್ಕೆ ಅಂಟಿದಂತಿರುವ ಅದರ ಮೈಕಟ್ಟನ್ನೂ 1.8 ಲೀಟರಿನ ಎಂಜಿನನ್ನೂ ಹೊಗಳುವವರು ಇಂದಿಗೂ ಕಡಿಮೆಯಾಗಿಲ್ಲ. ಇಂತಹ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡವರಿಗೆ ಮೊದಲು ಎದುರಾಗುವ ದೊಡ್ಡ ಖರ್ಚೆಂದರೆ ಟೈರಿನದು. ನಾಲ್ಕು ಟೈರುಗಳಿಗೆ ತಿಂಗಳ ಸಂಬಳದ ದೊಡ್ಡ ಪಾಲು ಹೋಗುವಾಗ, ಅಂಗಡಿಯವನು ಹೇಳಿದ್ದೇ ವೇದವಾಕ್ಯವೆಂದು ತಿಳಿಯುವುದು ಸಲ್ಲದು.

ಇದು ಕೇವಲ ಹಣದ ಪ್ರಶ್ನೆಯೂ ಅಲ್ಲ. ಒಂದು ಟೈರು ರಸ್ತೆಯನ್ನು ಮುಟ್ಟುವ ಜಾಗವು ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನೂ ಗಂಟುಮೂಟೆಯನ್ನೂ ಹೇರಿಕೊಂಡು ಸಾತಾರ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ದಾಟಿ, ಯಲ್ಲಾಪುರದಾಚೆ ಅರಬೈಲು ಘಟ್ಟವನ್ನಿಳಿದು ಕುಂದಾಪುರದ ಕಡೆಗೆ ಹೋಗುವ ಗೃಹಸ್ಥನ ಸಂಸಾರವೆಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿರುತ್ತದೆ.

ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಸಿವಿಕ್ ಗಾಡಿಯ ಟೈರನ್ನೇ ನೋಡೋಣ: 195/65 ಆರ್ 15. ಮೊದಲ ಅಂಕಿ ಟೈರಿನ ಅಗಲ, 195 ಮಿಲಿಮೀಟರು. ಎರಡನೆಯದು ಪಕ್ಕದ ಗೋಡೆಯ ಎತ್ತರ. ಅದು ಮಿಲಿಮೀಟರಿನಲ್ಲಿಲ್ಲ, ಅಗಲದ ಶೇಕಡಾ 65 ಎಂದು ಅರ್ಥ. ‘ಆರ್’ ಎಂದರೆ ರೇಡಿಯಲ್, ಎಂದರೆ ಒಳಗಿನ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿರುವ ಕಟ್ಟಡ. ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು 1946ರಲ್ಲಿ ಇದರ ಹಕ್ಕುಪತ್ರವನ್ನು ಪಡೆಯಿತು. ನಮ್ಮ ದೇಶದಲ್ಲಿ 1977ರಲ್ಲಿ ಜೆ.ಕೆ. ಸಂಸ್ಥೆಯು ಇದನ್ನು ಆರಂಭಿಸಿತು. (ನಮ್ಮ ಮೈಸೂರಿನ ವಿಕ್ರಾಂತ್ ಟೈರು ಕಾರ್ಖಾನೆಯು 1997ರಲ್ಲಿ ಇದೇ ಸಂಸ್ಥೆಯ ಕೈಸೇರಿತು.) ಕೊನೆಯ 15 ಎಂಬುದು ಚಕ್ರದ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ ಏನೋ!

ಗಲ್ಲೆಯಲ್ಲಿ ಕುಳಿತವರಿಗೆ ಲೆಕ್ಕ ಹೊಸದಲ್ಲವಾದುದರಿಂದ ಅದನ್ನೂ ಇಲ್ಲಿಯೇ ಮಾಡಿಬಿಡೋಣ. 195ರ ಶೇಕಡಾ 65 ಎಂದರೆ 126.75 ಮಿಲಿಮೀಟರು. ಮೇಲೊಂದು ಗೋಡೆ, ಕೆಳಗೊಂದು ಗೋಡೆ: ಒಟ್ಟು 253.5. ಹದಿನೈದು ಇಂಚಿನ ರಿಮ್ಮು 381 ಮಿಲಿಮೀಟರು. ಎರಡನ್ನೂ ಕೂಡಿದರೆ ಟೈರಿನ ಪೂರ್ತಿ ಎತ್ತರ 634.5 ಮಿಲಿಮೀಟರು. ಈಗ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಮುಂತಾದ ಹೊಸ ಸೆಡಾನುಗಳಿಗೆ ಬರುವ 205/55 ಆರ್ 16 ಎಂಬ ಅಳತೆಯನ್ನು ಇದೇ ಕ್ರಮದಿಂದ ಲೆಕ್ಕಹಾಕಿದರೆ 631.9 ಬರುತ್ತದೆ. ರಿಮ್ಮು ಒಂದು ಇಂಚು ದೊಡ್ಡದಾದರೂ, ಗೋಡೆಯು ಗಿಡ್ಡಾದುದರಿಂದ ಒಟ್ಟು ಎತ್ತರದಲ್ಲಿ ಮೂರು ಮಿಲಿಮೀಟರಿನ ಅಂತರವೂ ಇಲ್ಲ. ಅಳತೆ ಬದಲಾಯಿಸುವ ವಿದ್ಯೆಯ ಗುಟ್ಟೆಲ್ಲ ಇಲ್ಲಿಯೇ ಇದೆ: ರಿಮ್ಮು ಬೆಳೆದಷ್ಟು ಗೋಡೆ ತಗ್ಗಬೇಕು, ಹೊರಗಿನ ಎತ್ತರವು ಮೂಲದಂತೆಯೇ ಉಳಿಯಬೇಕು. ಶೇಕಡಾ 3ರ ಒಳಗಿನ ವ್ಯತ್ಯಾಸವನ್ನು ಸಹಿಸಬಹುದೆಂಬುದು ಈ ಕಸುಬಿನವರ ವಾಡಿಕೆಯ ಮಾತು. ಅದನ್ನು ಮೀರಿದರೆ ವೇಗದ ಮುಳ್ಳು ಸುಳ್ಳು ಹೇಳತೊಡಗುತ್ತದೆ, ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜುವ ಸಂಭವವೂ ಇರುತ್ತದೆ.

ನಮ್ಮ ಪರಿಚಯದ ತರುಣ ಗುಮಾಸ್ತರೊಬ್ಬರ ಸಿವಿಕ್ ಗಾಡಿಯು, ನಾಲ್ವರು ಕುಳಿತೊಡನೆ ರಸ್ತೆಯ ಉಬ್ಬುಗಳಿಗೆಲ್ಲ ಹೊಟ್ಟೆ ತಾಗಿಸುತ್ತಿತ್ತು. ಈ ಗಾಡಿಯ ಒಡೆಯರೆಲ್ಲರ ಹಳೆಯ ಗೋಳು ಇದು. ಅಂಗಡಿಯವನು 205/65 ಆರ್ 15 ಹಾಕಿಸಿರೆಂದು ಸಲಹೆ ಕೊಟ್ಟನಂತೆ.

“ಅಣ್ಣಾ, ಗಾಡಿ ಎತ್ತರವಾಗುತ್ತದಂತೆ. ಹಾಕಿಸಲೇ?” ಎಂದು ಅವರು ಕೇಳಿದರು.

“ಮೊದಲು ಕಾಗದ ಪೆನ್ಸಿಲು ತೆಗೆಯಪ್ಪಾ” ಎಂದೆವು.

ಲೆಕ್ಕ ಹಾಕಿದಾಗ ಒಟ್ಟು ಎತ್ತರ 647.5 ಎಂದು ಬಂದಿತು. ಮೂಲಕ್ಕಿಂತ 13 ಮಿಲಿಮೀಟರು ಹೆಚ್ಚು. ಆದರೆ ಗಾಡಿಯು ನಿಲ್ಲುವುದು ಚಕ್ರದ ನಡುವಿನ ಅಚ್ಚಿನ ಮೇಲೆ. ಆದುದರಿಂದ ಹೊಟ್ಟೆಯು ಮೇಲೇರುವುದು ಅದರ ಅರ್ಧದಷ್ಟು, ಎಂದರೆ ಆರೂವರೆ ಮಿಲಿಮೀಟರು ಮಾತ್ರ. ಅದು ನಮ್ಮ ಹೊಟೇಲುಗಳ ಸೆಟ್ ದೋಸೆಯ ದಪ್ಪವೂ ಅಲ್ಲ! ಪ್ರತಿಫಲವಾಗಿ ವೇಗದ ಮುಳ್ಳು 100 ಎಂದಾಗ ನಿಜವಾದ ವೇಗವು ಮೊದಲಿಗಿಂತ ಶೇಕಡಾ 2ರಷ್ಟು ಹೆಚ್ಚಿರುತ್ತದೆ. ದೋಷವೇನೂ ಅಲ್ಲ, ಮಿತಿಯ ಒಳಗೇ ಇದೆ. ಆದರೆ ಉಬ್ಬುಗಳಿಂದ ಬಿಡುಗಡೆ ಸಿಗುವುದೆಂದು ನಂಬಿ ಹಣ ಸುರಿಯುವಂತಹ ಲಾಭವೂ ಅಲ್ಲ. ಹಳೆಯ ಗಾಡಿಯಲ್ಲಿ ಬಳಲಿದ ಸ್ಪ್ರಿಂಗುಗಳನ್ನು ಪರೀಕ್ಷಿಸಿ ಬದಲಾಯಿಸಿದರೆ ಹೆಚ್ಚಿನ ಫಲ ಸಿಗುವುದುಂಟು.

ಇನ್ನೊಂದು ಆಸೆಯು ಹದಿನೇಳು ಇಂಚಿನ ಹೊಳೆಯುವ ಅಲಾಯ್ ಚಕ್ರದ್ದು. 225/45 ಆರ್ 17 ಹಾಕಿದರೆ ಒಟ್ಟು ಎತ್ತರ 634.3, ಲೆಕ್ಕಕ್ಕೆ ಅತ್ಯಂತ ಸರಿ. ಒಣ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗು ಚುರುಕಾಗುವುದೂ ನಿಜ. ಆದರೆ ಪಕ್ಕದ ಗೋಡೆಯು 126.75ರಿಂದ 101.25ಕ್ಕೆ ಇಳಿಯಿತೆಂಬುದನ್ನು ಮರೆಯಬಾರದು. ಹೊಂಡಕ್ಕೂ ರಿಮ್ಮಿಗೂ ನಡುವೆ ಇದ್ದ ಗಾಳಿಯ ದಿಂಬಿನಲ್ಲಿ ಒಂದು ಇಂಚು ಹೋಯಿತು. ಮುಂಬಯಿಯ ಆಷಾಢದ ರಸ್ತೆಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ: ರಿಮ್ಮು ಸೊಟ್ಟಗಾಗುವುದು, ಗೋಡೆಯ ನೂಲು ಕಡಿದು ಟೈರಿನ ಪಕ್ಕದಲ್ಲಿ ಬುಗುಟು ಏಳುವುದು. ಬುಗುಟು ಎದ್ದ ಟೈರಿಗೆ ಚಿಕಿತ್ಸೆಯಿಲ್ಲ, ಎಸೆಯಲೇಬೇಕು. ಮೇಲಾಗಿ ಈ ಅಳತೆಗೆ ಕನಿಷ್ಠ ಏಳು ಇಂಚು ಅಗಲದ ರಿಮ್ಮು ಬೇಕು. ನಿಂತ ನೀರಿನ ಮೇಲೆ ವೇಗವಾಗಿ ಹೋಗುವಾಗ ಅಗಲವಾದ ಟೈರು ನೀರನ್ನು ಸೀಳುವುದಕ್ಕಿಂತ ಅದರ ಮೇಲೆ ತೇಲುವುದು ಸುಲಭ. ಹಾಗೆ ತೇಲಿದಾಗ ಸ್ಟಿಯರಿಂಗೂ ಕೆಲಸ ಮಾಡದು, ಬ್ರೇಕೂ ಕೆಲಸ ಮಾಡದು. ಘಟ್ಟ ಇಳಿದು ಊರಿಗೆ ಹೋಗುವವರಿಗೆ ಕಂಪನಿಯವರು ಕೊಟ್ಟ ಅಳತೆಯೇ ಲೇಸೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಆ ಅಳತೆ ಯಾವುದೆಂಬುದು ಗಾಡಿಯ ಪುಸ್ತಕದಲ್ಲಿಯೂ, ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿಯೂ ಇರುತ್ತದೆ. ಅಪಘಾತವಾದಾಗ ವಿಮೆಯವರು ತಗಾದೆ ತೆಗೆಯುವುದಕ್ಕೂ ಆಗ ಆಸ್ಪದವಿರುವುದಿಲ್ಲ.

ಅಳತೆಯ ಪಕ್ಕದಲ್ಲಿ 91 ವಿ ಎಂಬಂತಹ ಇನ್ನೊಂದು ಗುರುತಿರುತ್ತದೆ. 91 ಎಂದರೆ ಆ ಟೈರು 615 ಕಿಲೋ ಭಾರವನ್ನು ಹೊರಬಲ್ಲದು. 88 ಎಂದಿದ್ದರೆ 560 ಕಿಲೋ ಮಾತ್ರ. ಅಕ್ಷರವು ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿಲೋಮೀಟರು, ವಿ ಎಂದರೆ 240. “ನಾವೇನು 210ರಲ್ಲಿ ಓಡಿಸುತ್ತೇವೆಯೇ?” ಎಂದು ಕೆಳಗಿನ ದರ್ಜೆಯ ಟೈರನ್ನು ಅಗ್ಗವಾಗಿ ಕೊಳ್ಳುವವರಿದ್ದಾರೆ. ಈ ಅಕ್ಷರವು ಶಾಖವನ್ನು ತಾಳುವ ಶಕ್ತಿಯ ಅಳತೆಯೂ ಹೌದು. ಗಾಡಿಯ ಪುಸ್ತಕದಲ್ಲಿ ಹೇಳಿದುದಕ್ಕಿಂತ ಮೇಲಿನದನ್ನು ಹಾಕಬಹುದು, ಕೆಳಗಿನದನ್ನು ಹಾಕಕೂಡದು.

ಶಾಖದ ಮಾತು ಬಂದುದರಿಂದ ಗಾಳಿಯ ವಿಷಯವನ್ನೂ ಹೇಳಬೇಕು. ಬೇಸಿಗೆಯ ದೂರ ಪ್ರಯಾಣಕ್ಕೆ ಗಾಳಿಯನ್ನು ಕಡಿಮೆ ಮಾಡಬೇಕೆಂಬ ಮೂಢನಂಬಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವವು ಇದಕ್ಕೆ ತೀರಾ ವಿರುದ್ಧ. ಗಾಳಿ ಕಡಿಮೆಯಾದ ಟೈರಿನ ಗೋಡೆಯು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತದೆ, ಬಾಗಿದಷ್ಟು ಕಾಯುತ್ತದೆ, ಕಾದು ಕಾದು ಸಿಡಿಯುತ್ತದೆ. ಮುಂಬಯಿ–ನಾಗಪುರ ಸಮೃದ್ಧಿ ಮಹಾಮಾರ್ಗದ ಮೊದಲ ಭಾಗವು 2022ರ ಡಿಸೆಂಬರಿನಲ್ಲಿ ತೆರೆದ ಮೇಲೆ ಟೈರು ಸಿಡಿದು ಅಪಘಾತಗಳಾದುವು. 2023ರಲ್ಲಿ ಸಾರಿಗೆ ಇಲಾಖೆಯವರು ದ್ವಾರದಲ್ಲಿಯೇ ಟೈರುಗಳನ್ನು ಪರೀಕ್ಷಿಸಿ, ಸವೆದ ಟೈರಿನ ಗಾಡಿಗಳನ್ನು ಹಿಂದಕ್ಕೆ ಕಳುಹಿಸಿದರು. ಗಾಳಿಯನ್ನು ಟೈರು ತಣ್ಣಗಿರುವಾಗ, ಬಾಗಿಲಿನ ಚೀಟಿಯಲ್ಲಿರುವಂತೆ ತುಂಬಿಸತಕ್ಕದ್ದು. ಟೈರಿನ ಮೇಲೆ ಅಚ್ಚಾಗಿರುವ ಒತ್ತಡವು ಅದು ತಾಳಬಲ್ಲ ಕಟ್ಟಕಡೆಯ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ನೈಟ್ರೋಜನ್ ತುಂಬಿಸಿದರೆ ಕೇಡಿಲ್ಲ. ಆದರೆ ಸಾದಾ ಗಾಳಿಯಲ್ಲಿಯೇ ಶೇಕಡಾ 78 ಪಾಲು ಅದೇ ಇರುವುದರಿಂದ, ಅದಕ್ಕಾಗಿ ಹೆಚ್ಚು ತೆರುವ ಅಗತ್ಯವೂ ಇಲ್ಲ.

ಇನ್ನು ಟೈರಿನ ವಯಸ್ಸು. ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದುದು ಇದನ್ನೇ. ವಾರವೆಲ್ಲ ಲೋಕಲ್ ರೈಲಿನಲ್ಲಿ ಓಡಾಡುವವರ ಗಾಡಿಯು ಭಾನುವಾರದಂದು ಒಮ್ಮೆ ಹೊರಡುತ್ತದೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುತ್ತದೆ. ಅಂತಹ ಟೈರಿನ ಗೆರೆಗಳು ಹೊಸದರಂತೆಯೇ ಕಾಣುತ್ತವೆ. ಆದರೆ ರಬ್ಬರು ಬಿಸಿಲಿಗೂ ಗಾಳಿಗೂ ಗಟ್ಟಿಯಾಗಿ, ಸೂಕ್ಷ್ಮ ಬಿರುಕುಗಳನ್ನು ಬಿಟ್ಟು, ಒದ್ದೆ ರಸ್ತೆಯಲ್ಲಿ ಹಿಡಿತವನ್ನು ಕಳೆದುಕೊಂಡಿರುತ್ತದೆ. ಟೈರಿನ ಗೋಡೆಯ ಮೇಲೆ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯಬೇಕು. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷಿಸಬೇಕು. ಹತ್ತು ತುಂಬಿದುದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ತಯಾರಕರದೇ ಸಲಹೆ. ಹೊಟೇಲಿನ ಉಗ್ರಾಣದಲ್ಲಿ ಹಳೆಯ ಬೇಳೆಯ ಚೀಲವನ್ನು ಮುಂದಿಟ್ಟು ಹೊಸದನ್ನು ಹಿಂದಿಡುವ ಕ್ರಮವನ್ನು ನಾವೆಲ್ಲ ಬಲ್ಲೆವು. ಟೈರಿನ ಅಂಗಡಿಯವನೂ ಅದನ್ನೇ ಮಾಡುತ್ತಾನೆ. ಆದುದರಿಂದ ಹಣ ಎಣಿಸುವ ಮೊದಲು ನಾಲ್ಕೂ ಟೈರುಗಳ ವಾರ, ವರ್ಷಗಳನ್ನು ಓದಿ. ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿ.ಎಸ್.ಟಿ.ಯು ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ಹುಡುಕಿ.

ಹಳೆಯ ಸಾಮಾನಿನ ಬಜಾರಿನಲ್ಲಿ ಸವೆದ ಟೈರಿನ ಮೈಯನ್ನು ಬಿಸಿ ಅಲಗಿನಿಂದ ಕೊರೆದು, ಹೊಸ ಗೆರೆ ಮೂಡಿಸಿ, ಕಪ್ಪು ಹಚ್ಚಿ ಮಾರುವುದುಂಟು. ಕಾರಿನ ಟೈರಿನಲ್ಲಿ ಹಾಗೆ ಕೊರೆಯುವಷ್ಟು ರಬ್ಬರೇ ಇರುವುದಿಲ್ಲ. ಕೊರೆದರೆ ಒಳಗಿನ ಉಕ್ಕಿನ ಪಟ್ಟಿಯ ಹತ್ತಿರಕ್ಕೇ ಹೋಗುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಗೆರೆಗಳ ತಳದಲ್ಲಿರುವ ಅಡ್ಡದಿಣ್ಣೆಗಳು ಮೈಗೆ ಸಮವಾದರೆ ಆಳವು 1.6 ಮಿಲಿಮೀಟರಿಗೆ ಇಳಿಯಿತೆಂದು ಅರ್ಥ. ಅದು ಕಾನೂನಿನ ಮಿತಿ. ಮಳೆಯ ನಾಡಿನವರು 3 ಮಿಲಿಮೀಟರಿಗೇ ಬದಲಾಯಿಸುವುದು ಕ್ಷೇಮ.

ಯಾವ ಕಂಪನಿಯ ಟೈರು ಎಂಬ ಪ್ರಶ್ನೆಗೆ ನಾವು ಒಂದೇ ಹೆಸರನ್ನು ಹೇಳಲಾರೆವು. ಮೆದುವಾದ ರಬ್ಬರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ, ಸಾಮಾನ್ಯವಾಗಿ ಹಿಡಿತದಲ್ಲಿ ಹಿಂದೆ. ಹಲವು ಟೈರುಗಳ ಮೇಲೆ ‘ಟ್ರೆಡ್‌ವೇರ್’ ಎಂಬ ಅಂಕಿಯಿರುತ್ತದೆ. ಅದು 200ರ ಸುಮಾರಿಗಿದ್ದರೆ ಓಟಗಾರರ ಟೈರು, 400ರ ಮೇಲಿದ್ದರೆ ಸಂಸಾರಿಯ ಟೈರು ಎಂದು ಸ್ಥೂಲವಾಗಿ ತಿಳಿಯಬಹುದು. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರು ಓಡಿಸುವವರಿಗೆ ಟೈರು ಸವೆಯುವ ಮೊದಲೇ ಮುದಿಯಾಗುವುದರಿಂದ, ಬಾಳಿಕೆಗಾಗಿ ಹಿಡಿತವನ್ನು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವ ಟೈರೆಂದು ಹೆಸರಾದುದನ್ನೇ ಆರಿಸಿಕೊಳ್ಳಲಿ.

ಕೈಯಲ್ಲಿ ಹಣ ಸಾಲದೆ ಎರಡನ್ನೇ ಕೊಳ್ಳುವವರು ಹೊಸವನ್ನು ಎಲ್ಲಿ ಹಾಕಬೇಕು? ಎಂಜಿನು ಎಳೆಯುವುದು ಮುಂದಿನ ಚಕ್ರವಾದುದರಿಂದ ಮುಂದೆಯೇ ಎಂದು ಹೆಚ್ಚಿನವರ ಉತ್ತರ. ಆದರೆ ಹೊಸವು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಜಾರಿದರೆ ಗಾಡಿಯು ನೇರಕ್ಕೆ ಎಳೆಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯು ಬುಗುರಿಯಂತೆ ತಿರುಗುತ್ತದೆ. ಅದನ್ನು ಸರಿಪಡಿಸುವುದು ನಮ್ಮ ನಿಮ್ಮಂತಹವರ ಅಳವಲ್ಲ.

ಹಾಕಿಸುವಾಗ ಗಾಳಿಯ ರಬ್ಬರು ವಾಲ್ವನ್ನೂ ಹೊಸದಾಗಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿ. ಗೋಡೆಯ ಮೇಲೆ ಬಾಣದ ಗುರುತಿದ್ದರೆ ಚಕ್ರವು ಆ ದಿಕ್ಕಿಗೇ ತಿರುಗಬೇಕು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುದ್ರವದ ಪೊರೆಯಿರುತ್ತದೆ. ಆದುದರಿಂದ ಮೊದಲ ಒಂದೆರಡು ನೂರು ಕಿಲೋಮೀಟರು ಮೆಲ್ಲಗೆ ಓಡಿಸಿ. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ ನೋಡಿಸಿ.