‘ನಿಮ್ಮೂರಲ್ಲಿ ಕರೆಂಟ್ ಇದೆಯಾ?’

ಸಾಗರ ತಾಲ್ಲೂಕಿನ ಹೊನ್ನೆಮರಡು ಸಮೀಪದ ಹೋಮ್‌ಸ್ಟೇಯೊಂದರಲ್ಲಿ ನನಗೆ ಕೆಲಸ. ಬುಕಿಂಗ್ ಫೋನ್ ಎತ್ತುವುದರಿಂದ ಹಿಡಿದು ನೀರ್ದೋಸೆ ಬಡಿಸುವವರೆಗೆ ಎಲ್ಲವೂ ನನ್ನದೇ. ಡಿಗ್ರಿ ಮುಗಿಸಿ ಇಲ್ಲಿಗೆ ಸೇರಿದ ಮೇಲೆ, ನಮ್ಮೂರಿನ ಬಗ್ಗೆ ಹೊರಗಿನವರಿಗೆ ಎಂತೆಂಥ ಕಲ್ಪನೆಗಳಿವೆ ಎಂಬುದು ದಿನಾ ಗೊತ್ತಾಗುತ್ತಿದೆ.

ಫೋನಿನಲ್ಲಿ ಬರುವ ಮೊದಲ ಪ್ರಶ್ನೆಯೇ ‘ಅಲ್ಲಿ ಕರೆಂಟ್ ಇದೆಯಾ?’ ಕೇಳಿದರೆ ನಗು ಬರುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದೇ ಕರೆಂಟಿಗಾಗಿ. ನಾಡಿಗೆಲ್ಲ ಬೆಳಕು ಕೊಟ್ಟಿದ್ದು ಇದೇ ಶರಾವತಿ. ಅದಕ್ಕಾಗಿ ಊರು ಬಿಟ್ಟ ಎಷ್ಟೋ ಮನೆಗಳು ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಈಗ ಕರೆಂಟ್ ಇದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕತ್ತಲೆ. ಹಾಗಾಗಿ ‘ಇದೆ ಸರ್, ಆದರೂ ಟಾರ್ಚ್ ತನ್ನಿ’ ಎನ್ನುತ್ತೇನೆ.

ಬಂದವರು ‘ಎಷ್ಟು ಚೆಂದದ ಸರೋವರ!’ ಎನ್ನುತ್ತಾರೆ. ಇದು ಅಣೆಕಟ್ಟಿನ ಹಿನ್ನೀರು ಎಂದಾಗ ಹಲವರಿಗೆ ಅಚ್ಚರಿ. ನೀರಿನಡಿ ಗದ್ದೆ, ತೋಟ, ಮನೆಗಳಿದ್ದವು. ಫೋಟೊದಲ್ಲಿ ಕಾಣುವ ನಡುಗಡ್ಡೆಗಳು ಆಗಿನ ಗುಡ್ಡದ ನೆತ್ತಿಗಳು. ನಮ್ಮಲ್ಲಿ ಈ ಕಥೆಗೆಲ್ಲ ‘ಮುಳುಗಡೆ’ ಎಂಬ ಒಂದೇ ಹೆಸರು. ಆಗ ಎದ್ದುಹೋದ ಹಲವು ಕುಟುಂಬಗಳು ಜಮೀನಿನ ಹಕ್ಕಿಗಾಗಿ ಇಂದಿಗೂ ಕಚೇರಿ ಅಲೆಯುತ್ತಿವೆ.

‘ಅಲೆಯೇ ಇಲ್ಲ, ಲೈಫ್ ಜಾಕೆಟ್ ಯಾಕೆ?’ ಎನ್ನುವವರಲ್ಲಿ ಕಾಲೇಜು ಹುಡುಗರೇ ಹೆಚ್ಚು. ಗುಡ್ಡದ ಇಳಿಜಾರಿನ ಮೇಲೆ ನಿಂತ ನೀರಿದು. ನಾಲ್ಕು ಹೆಜ್ಜೆಗೇ ಆಳ ಬದಲಾಗುತ್ತದೆ, ಕೆಳಗೆ ಕೆಸರು, ಮರದ ಬೊಡ್ಡೆಗಳಿರುತ್ತವೆ. ಈಜು ಬಲ್ಲವರಿಗೂ ಜಾಕೆಟ್ ಕಡ್ಡಾಯ.

ಇನ್ನು ಕೆಲವರು, ‘ಇಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತೀಯಲ್ಲಮ್ಮ, ಇಲ್ಲೇ ಯಾಕಿದೀಯ?’ ಎಂದು ಮರುಕ ತೋರುತ್ತಾರೆ. ಇದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ. ಅದರ ರೂವಾರಿ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ನಾಟಕ, ಸಿನಿಮಾ, ಪುಸ್ತಕ ಹಳ್ಳಿಗೂ ಬಂದಿವೆ ಎಂದರೆ ಸುಮ್ಮನಾಗುತ್ತಾರೆ.

‘ನೀವು ಸ್ವರ್ಗದಲ್ಲಿದ್ದೀರಿ’ ಎನ್ನುವವರದ್ದೂ ತಪ್ಪು ಕಲ್ಪನೆಯೇ. ಹಿನ್ನೀರಿನಾಚೆಯ ತುಮರಿ ಭಾಗದವರು ಕಾಲೇಜಿಗೂ ಆಸ್ಪತ್ರೆಗೂ ದಶಕಗಳ ಕಾಲ ಲಾಂಚ್ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈನಲ್ಲಿ. ‘ಅಯ್ಯೋ, ಲಾಂಚ್ ಮಜಾ ಹೋಯ್ತು’ ಎನ್ನುವವರು ರಾತ್ರಿ ಹೊತ್ತು ಗರ್ಭಿಣಿಯನ್ನು ಕರೆದುಕೊಂಡು ದಡದಲ್ಲಿ ನಿಂತವರನ್ನೊಮ್ಮೆ ಕೇಳಬೇಕು.

ಕೆಲಸ ಹುಡುಕುತ್ತಿರುವ ಗೆಳೆಯರೇ, ಹೋಮ್‌ಸ್ಟೇ ಕೆಲಸವೆಂದರೆ ಹಾಸಿಗೆ ಹಾಸುವುದು, ಊಟ ಬಡಿಸುವುದಷ್ಟೇ ಎಂದುಕೊಳ್ಳಬೇಡಿ. ನಿಮ್ಮೂರಿನ ಕಥೆಯನ್ನು ಸರಿಯಾಗಿ ಹೇಳಲು ಬಂದರೆ ಅದೇ ದೊಡ್ಡ ಅರ್ಹತೆ. ಪ್ರವಾಸಕ್ಕೆ ಹೊರಟವರೂ ಅಷ್ಟೇ, ಬರುವಾಗ ಪ್ಲಾಸ್ಟಿಕ್ ಬಿಟ್ಟು ಬನ್ನಿ, ಪ್ರಶ್ನೆಗಳನ್ನು ಎಷ್ಟು ಬೇಕಾದರೂ ತನ್ನಿ.